ಮೀನಿನ ಕಿವಿಗಲ್ಲು: ನೀರಿನ ನೆಲೆ ಮತ್ತು ಕಲ್ಲಿನ ಆಕಾರ

ಠಾಣೆಯ ಮಾಜಿವಾಡಾ ಇಂದು ಎರಡು ಹೆದ್ದಾರಿಗಳ ಸಂಧಿಸ್ಥಾನವೆಂದು ಪ್ರಸಿದ್ಧವಾಗಿದೆ. ಮುಂಬಯಿಯಿಂದ ನಾಶಿಕಕ್ಕೆ ಹೋಗುವ ಮಾರ್ಗವೂ ಘೋಡಬಂದರದ ಮಾರ್ಗವೂ ಕೂಡುವುದು ಇಲ್ಲಿಯೇ. ಆದರೆ ವಾಹನಗಳ ಸದ್ದಿನಲ್ಲಿ ನಮಗೆ ಮರೆತುಹೋಗಿರುವ, ಈ ರಸ್ತೆಗಳಿಗಿಂತ ಎಷ್ಟೋ ಹಳೆಯದಾದ ಮತ್ತೊಂದು ಸಂಧಿಯು ಇಲ್ಲಿಗೆ ಸಮೀಪದಲ್ಲಿಯೇ ಉಂಟು. ಸಹ್ಯಾದ್ರಿಯಿಂದ ಇಳಿದುಬರುವ ಉಲ್ಹಾಸ ನದಿಯು ಠಾಣೆಯ ಬಳಿ ಕವಲೊಡೆಯುತ್ತದೆ. ಹಿರಿಯ ಕವಲು ಕೋಲ್‌ಶೇತ, ಘೋಡಬಂದರಗಳ ಪಕ್ಕದಿಂದ ವಸಯಿಯ ಕಡೆಗೆ ಹರಿದು ಸಮುದ್ರವನ್ನು ಸೇರುತ್ತದೆ. ಕಿರಿಯ ಕವಲು ಕಳವಾದ ಕಡೆಗೆ ತಿರುಗಿ ಠಾಣೆಯ ಖಾಡಿಯಲ್ಲಿ ಬೆರೆಯುತ್ತದೆ. ಬೆಟ್ಟದ ಸಿಹಿನೀರೂ ಕಡಲಿನ ಉಪ್ಪುನೀರೂ ದಿನಕ್ಕೆ ಎರಡು ಸಲ ಇಲ್ಲಿ ಒಂದನ್ನೊಂದು ತಳ್ಳಾಡುತ್ತವೆ.

ಈ ನೀರಿನ ಮೀನು ಪೇಟೆಗೆ ಬರುತ್ತದೆ. ಪೇಟೆಯಿಂದ ನಮ್ಮ ಅಡಿಗೆಮನೆಗೆ ಬರುತ್ತದೆ. ಘೋಳ ಮೀನಿನ ತಲೆಯ ಸಾರನ್ನು ಉಂಡವರಿಗೆ ಒಂದು ಅನುಭವ ಇರಲೇಬೇಕು. ಎಲುಬಿನ ನಡುವೆ ಹಲ್ಲಿಗೆ ಒಂದು ಗಟ್ಟಿಯಾದ ಬಿಳಿಯ ಹರಳು ಸಿಕ್ಕುತ್ತದೆ. ಬಾಯಿಂದ ತೆಗೆದು ನೋಡಿದರೆ ಅದು ಎಲುಬಲ್ಲ, ಪಿಂಗಾಣಿಯ ಚೂರಿನಂತಹ ಒಂದು ಕಲ್ಲು. ತಲೆಯ ಇನ್ನೊಂದು ಬದಿಯಲ್ಲಿ ಅದಕ್ಕೆ ಸರಿಜೋಡಿಯಾದ ಮತ್ತೊಂದು ಕಲ್ಲು ಇರುತ್ತದೆ. ಮೀನು ನುಂಗಿದ ಕಲ್ಲು ಇದೆಂದು ಹಲವರು ಭಾವಿಸಿ ತಟ್ಟೆಯ ಅಂಚಿಗೆ ಸರಿಸಿಬಿಡುತ್ತಾರೆ. ವಾಸ್ತವವಾಗಿ ಅದು ಮೀನಿನ ಒಳಗಿವಿಯಲ್ಲಿ ಹುಟ್ಟಿ, ಮೀನಿನೊಡನೆಯೇ ಬೆಳೆದ ಕಲ್ಲು. ವಿಜ್ಞಾನಿಗಳು ಇದನ್ನು ಓಟೊಲಿತ್ ಎಂದು ಕರೆಯುತ್ತಾರೆ. ನಾವು ಕಿವಿಗಲ್ಲು ಎನ್ನಬಹುದು. ಕೆಲವು ಮೀನುಗಳ ತಲೆಯಲ್ಲಿ ಕಲ್ಲಿರುತ್ತದೆಂಬುದನ್ನು ಗ್ರೀಕ್ ತತ್ತ್ವಜ್ಞ ಅರಿಸ್ಟಾಟಲನೇ ಗುರುತಿಸಿ ಬರೆದಿದ್ದಾನೆ.

ಒಂದೇ ಜಾತಿಯ ಮೀನು ಬೇರೆ ಬೇರೆ ನೀರಿನಲ್ಲಿ ಬೆಳೆದಾಗ ಅದರ ಕಿವಿಗಲ್ಲಿನ ಆಕಾರವೂ ಬೇರೆಯಾಗುತ್ತದೆಯೆ? ಆಗುವುದಾದರೆ, ಕಲ್ಲನ್ನು ನೋಡಿ ಮೀನಿನ ಊರನ್ನು ಹೇಳಬಹುದೆ? ಪ್ರಕೃತ ಲೇಖನದಲ್ಲಿ ವಿಚಾರಿಸಬೇಕೆಂದಿರುವುದು ಈ ಎರಡು ಪ್ರಶ್ನೆಗಳನ್ನು. ಮೇಲುನೋಟಕ್ಕೆ ಇವು ಕೇವಲ ಕುತೂಹಲದ ಪ್ರಶ್ನೆಗಳೆಂದು ತೋರಬಹುದು. ಆದರೆ ಒಂದು ನದಿಯ ಮೀನನ್ನು ಮತ್ತೊಂದು ನದಿಗೆ ತಂದು ಬಿಟ್ಟದ್ದರಿಂದ ನಮ್ಮ ಕಾವೇರಿಯಲ್ಲಿ ಏನಾಯಿತೆಂಬುದನ್ನು ಮುಂದೆ ಹೇಳುವಾಗ ಈ ಪ್ರಶ್ನೆಗಳ ತೂಕ ವಾಚಕರಿಗೆ ತಿಳಿದೀತು.

೧. ಕಲ್ಲಿನ ಕೆಲಸ

ಮೀನಿಗೆ ಹೊರಗಿವಿ ಇಲ್ಲ. ಒಳಗಿವಿ ಮಾತ್ರ ಉಂಟು. ತಲೆಬುರುಡೆಯ ಒಳಗೆ ಮಿದುಳಿನ ಎರಡು ಬದಿಗಳಲ್ಲಿ ದ್ರವ ತುಂಬಿದ ಸಣ್ಣ ಚೀಲಗಳಿವೆ. ಪ್ರತಿ ಬದಿಯ ಮೂರು ಚೀಲಗಳಲ್ಲಿ ಒಂದೊಂದು ಕಲ್ಲಿನಂತೆ, ಒಂದು ಮೀನಿಗೆ ಒಟ್ಟು ಮೂರು ಜೋಡಿ ಕಲ್ಲುಗಳು. ಇವುಗಳ ಹೆಸರುಗಳು ಲ್ಯಾಟಿನ್ ಭಾಷೆಯವು: ಸ್ಯಾಜಿಟ ಎಂದರೆ ಬಾಣ, ಲ್ಯಾಪಿಲಸ್ ಎಂದರೆ ಹರಳು, ಆಸ್ಟೆರಿಸ್ಕಸ್ ಎಂದರೆ ಕಿರುನಕ್ಷತ್ರ.

ಕಲ್ಲಿನ ಪ್ರಯೋಜನವನ್ನು ಹೀಗೆ ತಿಳಿಯಬಹುದು. ಮೀನಿನ ಮಾಂಸದ ಸಾಂದ್ರತೆ ಹೆಚ್ಚುಕಡಿಮೆ ನೀರಿನ ಸಾಂದ್ರತೆಯಷ್ಟೇ. ಆದುದರಿಂದ ನೀರಿನಲ್ಲಿ ಶಬ್ದದ ಅಲೆ ಬಂದಾಗ ಮೀನಿನ ದೇಹವು ನೀರಿನೊಡನೆಯೇ ಅಲುಗುತ್ತದೆ. ಆದರೆ ಕಲ್ಲು ಭಾರವಾದುದು. ಅದರ ಸಾಂದ್ರತೆ ನೀರಿನ ಸುಮಾರು ಮೂರರಷ್ಟು. ದೇಹ ಅಲುಗಿದಷ್ಟು ಬೇಗನೆ ಅದು ಅಲುಗಲಾರದು. ಕಲ್ಲಿಗೆ ತಾಗಿಕೊಂಡಿರುವ ಸೂಕ್ಷ್ಮ ರೋಮಗಳು ಈ ಹಿಂದುಳಿಯುವಿಕೆಯಿಂದ ಬಾಗುತ್ತವೆ. ಆ ಬಾಗುವಿಕೆಯೇ ನರಗಳ ಮೂಲಕ ಮಿದುಳಿಗೆ ಶಬ್ದವಾಗಿ ಮುಟ್ಟುತ್ತದೆ. ಮೇಲು ಯಾವುದು, ಕೆಳಗು ಯಾವುದು, ದೇಹ ಯಾವ ಕಡೆಗೆ ವಾಲಿದೆ ಎಂಬ ಅರಿವೂ ಈ ಕಲ್ಲುಗಳಿಂದಲೇ ಬರುತ್ತದೆ. ಕೆಸರುನೀರಿನಲ್ಲಿ ಕಣ್ಣು ಕೆಲಸಕ್ಕೆ ಬಾರದಾಗ ಮೀನು ಬದುಕುವುದು ಕಿವಿಯ ಬಲದಿಂದ.

ಘೋಳ ಮೊದಲಾದ, ತಾವೇ ಸದ್ದು ಮಾಡಬಲ್ಲ ಮೀನುಗಳಲ್ಲಿ ಸ್ಯಾಜಿಟವು ಬಹಳ ದೊಡ್ಡದು. ವೇಗವಾಗಿ ಈಜುವ ಟ್ಯೂನಾ ಜಾತಿಗಳಲ್ಲಿ ಅದು ದೇಹಕ್ಕೆ ಹೋಲಿಸಿದರೆ ತೀರ ಸಣ್ಣದು. ನಮ್ಮ ನದಿಗಳ ಮೀನುಗಳ ವಿಷಯದಲ್ಲಿ ಒಂದು ವಿಶೇಷವನ್ನು ಇಲ್ಲಿ ಗಮನಿಸತಕ್ಕದ್ದು. ರೋಹು, ಗೆಂಡೆ, ಮಹಶೀರ್ ಮುಂತಾದ ಕಾರ್ಪ್ ವರ್ಗದ ಮೀನುಗಳಲ್ಲಿಯೂ ಶಿಂಗಾಳಾ ಮುಂತಾದ ಮೀಸೆಮೀನುಗಳಲ್ಲಿಯೂ ಗಾಳಿಚೀಲದಿಂದ ಒಳಗಿವಿಗೆ ಕಿರುಎಲುಬುಗಳ ಒಂದು ಸರಪಣಿ ಇದೆ. ಇದನ್ನು ಜರ್ಮನಿಯ ವೇಬರ್ ೧೮೨೦ರಲ್ಲಿ ವರ್ಣಿಸಿದನು. ಈ ವರ್ಗಗಳಲ್ಲಿ ಸ್ಯಾಜಿಟವು ಸೂಜಿಯಂತೆ ತೆಳ್ಳಗಾಗಿ, ತೆಗೆಯುವಾಗಲೇ ಮುರಿದುಹೋಗುವಷ್ಟು ನಾಜೂಕಾಗಿದೆ. ಕಾರ್ಪ್ ಮೀನುಗಳಲ್ಲಿ ಆಕಾರದ ಅಭ್ಯಾಸಕ್ಕೆ ಒದಗುವುದು ಆಸ್ಟೆರಿಸ್ಕಸ್, ಮೀಸೆಮೀನುಗಳಲ್ಲಿ ಲ್ಯಾಪಿಲಸ್. ಕಡಲಿನ ಕಾಡ್ ಮೀನಿನ ಮೇಲೆ ರೂಢಿಯಾದ ಪದ್ಧತಿಯನ್ನು ಹಾಗೆಯೇ ಎತ್ತಿ ಭೀಮೆಯ ಮೀನಿಗೆ ಅನ್ವಯಿಸಲು ಬರುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

೨. ಅಳಿಸಲಾಗದ ದಿನಚರಿ

ಕಿವಿಗಲ್ಲು ಮುಖ್ಯವಾಗಿ ಸುಣ್ಣದ ಕಲ್ಲು, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನಡುನಡುವೆ ಸ್ವಲ್ಪ ಪ್ರೋಟೀನು. ಮೀನು ಮೊಟ್ಟೆಯಲ್ಲಿರುವಾಗಲೇ ಕಲ್ಲಿನ ತಿರುಳು ಹುಟ್ಟುತ್ತದೆ. ಅಲ್ಲಿಂದ ಮುಂದೆ ಈರುಳ್ಳಿಯ ಪದರಗಳಂತೆ ದಿನಕ್ಕೊಂದು ತೆಳುಪದರ ಅದರ ಮೇಲೆ ಕೂಡುತ್ತಹೋಗುತ್ತದೆ. ಈ ದೈನಂದಿನ ಪದರಗಳನ್ನು ಪನ್ನೆಲ್ಲಾ ಎಂಬ ವಿಜ್ಞಾನಿ ೧೯೭೧ರಲ್ಲಿ ತೋರಿಸಿಕೊಟ್ಟನು. ವರ್ಷದ ಉಂಗುರಗಳನ್ನು ಎಣಿಸಿ ಮೀನಿನ ವಯಸ್ಸನ್ನು ಹೇಳುವ ಕ್ರಮ ಅದಕ್ಕೂ ಬಹು ಹಿಂದಿನದು. ಜರ್ಮನಿಯ ರೈಬಿಷ್ ೧೮೯೯ರಲ್ಲಿಯೇ ಪ್ಲೇಸ್ ಎಂಬ ಚಪ್ಪಟೆ ಮೀನಿನ ಕಲ್ಲುಗಳಲ್ಲಿ ಇದನ್ನು ಮಾಡಿದ್ದನು. ಶೀತದೇಶಗಳಲ್ಲಿ ಚಳಿಗಾಲವೇ ಉಂಗುರವನ್ನು ಎಳೆಯುತ್ತದೆ. ನಮ್ಮಲ್ಲಿ ಚಳಿಯ ಗೆರೆ ಅಷ್ಟು ಸ್ಫುಟವಲ್ಲ. ಮಳೆಗಾಲದ ಪ್ರವಾಹ, ಮೊಟ್ಟೆಯಿಡುವ ಕಾಲದ ದಣಿವು, ಬೇಸಗೆಯ ಕೊರತೆ ಇವು ಆ ಕೆಲಸವನ್ನು ಮಾಡುತ್ತವೆ. ಹೀಗಾಗಿ ಉಷ್ಣದೇಶದ ಕಲ್ಲನ್ನು ಓದುವುದಕ್ಕೆ ಹೆಚ್ಚಿನ ತಾಳ್ಮೆ ಬೇಕು.

ಎಲುಬು ಮತ್ತು ಹುರುಪೆಗಳಿಗೂ ಕಿವಿಗಲ್ಲಿಗೂ ಒಂದು ಮೂಲಭೂತವಾದ ವ್ಯತ್ಯಾಸವಿದೆ. ಆಹಾರ ಸಾಲದೆ ಹೋದಾಗ ಮೀನಿನ ದೇಹವು ಹುರುಪೆಯ ಸುಣ್ಣವನ್ನು ಕರಗಿಸಿ ಬಳಸಿಕೊಳ್ಳಬಲ್ಲದು. ಕಿವಿಗಲ್ಲನ್ನು ಮಾತ್ರ ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಮ್ಮೆ ಬರೆದದ್ದು ಬರೆದಂತೆಯೇ ಉಳಿಯುತ್ತದೆ. ಮೀನು ಬದುಕಿದ ನೀರಿನ ಗುರುತು, ಹುಟ್ಟಿನಿಂದ ಸಾವಿನವರೆಗೆ ಕ್ರಮವಾಗಿ ಜೋಡಿಸಿಟ್ಟ ಸ್ಥಿತಿಯಲ್ಲಿ ದೊರಕುವ ಅಂಗ ಇದು.

೩. ಆಕಾರವು ಬದಲಾಗುವುದೇಕೆ?

ಕಲ್ಲಿನ ಮೂಲ ಆಕಾರವು ಜಾತಿಯಿಂದ ಬಂದದ್ದು. ಅನುಭವಿಗಳು ಒಂದು ಕಲ್ಲನ್ನು ಅಂಗೈಯಲ್ಲಿಟ್ಟು ನೋಡಿ ಇದು ಇಂತಹ ಮೀನಿನದು ಎಂದು ಹೇಳಬಲ್ಲರು. ಹಕ್ಕಿಯ ಹೊಟ್ಟೆಯಲ್ಲಿ ಉಳಿದ ಕಲ್ಲಿನಿಂದ ಅದು ತಿಂದ ಮೀನನ್ನು ಗುರುತಿಸುವುದೂ ಇದೇ ಆಧಾರದ ಮೇಲೆ. ಆದರೆ ಜಾತಿಯು ಕೊಟ್ಟ ಈ ಎರಕದ ಒಳಗೆ ಅಂಚುಗಳ ಏರಿಳಿತ, ಉದ್ದ ಅಗಲಗಳ ಪ್ರಮಾಣ, ಹಲ್ಲಿನಂತಹ ಕಚ್ಚುಗಳ ಸಂಖ್ಯೆ ಮತ್ತು ಆಳ ಇವು ವ್ಯಕ್ತಿಯಿಂದ ವ್ಯಕ್ತಿಗೆ, ನೆಲೆಯಿಂದ ನೆಲೆಗೆ ಬೇರೆಯಾಗುತ್ತವೆ.

ಇದಕ್ಕೆ ಮುಖ್ಯ ಕಾರಣ ಬೆಳವಣಿಗೆಯ ವೇಗ. ನಿಧಾನವಾಗಿ ಬೆಳೆದ ಮೀನಿನ ಕಲ್ಲು, ಅಷ್ಟೇ ಉದ್ದದ, ಬೇಗ ಬೆಳೆದ ಮೀನಿನ ಕಲ್ಲಿಗಿಂತ ದೊಡ್ಡದಾಗಿರುತ್ತದೆ. ಟೆಂಪಲ್‌ಮನ್ ಮತ್ತು ಸ್ಕ್ವೈರ್ಸ್ ಎಂಬವರು ೧೯೫೬ರಲ್ಲಿ ಹ್ಯಾಡಕ್ ಎಂಬ ಕಡಲಮೀನಿನಲ್ಲಿ ಇದನ್ನು ತೋರಿಸಿದರು. ಕಾರಣ ಸರಳವಾದುದು: ದೇಹದ ಬೆಳವಣಿಗೆ ಕುಂಠಿತವಾದರೂ ಕಲ್ಲಿನ ಮೇಲೆ ಪದರ ಕೂಡುವುದು ನಿಲ್ಲುವುದಿಲ್ಲ. ಎರಡನೆಯದು ಆಹಾರ. ಆಹಾರದ ಪ್ರಮಾಣವನ್ನು ಬದಲಿಸಿ ಮೀನುಗಳನ್ನು ಸಾಕಿ ನೋಡಿದ ಪ್ರಯೋಗಗಳಲ್ಲಿ ಕಲ್ಲಿನ ಅಂಚಿನ ರೂಪವೂ ಬದಲಾದದ್ದು ಕಂಡುಬಂದಿದೆ. ನೀರಿನ ಉಷ್ಣತೆ, ಆಳ, ಲವಣಾಂಶ ಇವೂ ಕಲ್ಲಿನ ಕಟ್ಟಡದಲ್ಲಿ ಕೈಯಾಡಿಸುತ್ತವೆ. ಕಾಂಪಾನ ಮತ್ತು ಕ್ಯಾಸೆಲ್‌ಮನ್ ಎಂಬವರು ೧೯೯೩ರಲ್ಲಿ ಅಟ್ಲಾಂಟಿಕ್ ಸಾಗರದ ಕಾಡ್ ಮೀನಿನ ಬೇರೆ ಬೇರೆ ಸಮೂಹಗಳನ್ನು ಕಲ್ಲಿನ ಆಕಾರದಿಂದ ವಿಂಗಡಿಸಲು ಪ್ರಯತ್ನಿಸಿದಾಗ, ಆಕಾರಭೇದಕ್ಕೆ ಬೆಳವಣಿಗೆಯ ವೇಗದ ಭೇದವೇ ದೊಡ್ಡ ಕಾರಣವೆಂದು ತಿಳಿದುಬಂದಿತು.

ನದಿಯನ್ನು ಇದಕ್ಕೆ ಹೋಲಿಸಿ ನೋಡೋಣ. ಒಂದೇ ನದಿಯೆಂದರೂ ಅದರಲ್ಲಿ ಹಲವು ನೀರುಗಳಿವೆ. ಘಟ್ಟದ ತೊರೆಯು ತಂಪು, ವೇಗ, ಬಂಡೆಗಳಿಂದ ಕೂಡಿದ್ದು, ಆಹಾರ ಮಿತವಾದುದು. ಅಣೆಕಟ್ಟಿನ ಹಿಂದಿನ ಜಲಾಶಯವು ನಿಶ್ಚಲ, ಆಳ. ಬಯಲಿನ ಹೊಳೆ ಬೆಚ್ಚಗೆ, ಕೆಸರಿನಿಂದ ಕೂಡಿ ನಿಧಾನವಾಗಿ ಹರಿಯುತ್ತದೆ. ಅಳಿವೆಯಲ್ಲಿ ಲವಣಾಂಶವು ಗಳಿಗೆಗಳಿಗೆಗೆ ಬದಲಾಗುತ್ತದೆ. ಉಲ್ಹಾಸ ನದಿಯು ರಾಜಮಾಚಿಯ ಕಡೆಯ ಬೆಟ್ಟಗಳಿಂದ ಇಳಿದು ಕರ್ಜತ, ಬದಲಾಪುರ, ಕಲ್ಯಾಣಗಳನ್ನು ದಾಟಿ ಠಾಣೆಗೆ ಬರುವ ನೂರಿಪ್ಪತ್ತು ಕಿಲೊಮೀಟರಿನಷ್ಟು ಹಾದಿಯಲ್ಲಿ ಇಂತಹ ನೆಲೆಗಳೆಲ್ಲ ಒಂದರ ಹಿಂದೊಂದು ಬರುತ್ತವೆ. ಈ ನೆಲೆಗಳಲ್ಲಿ ಬೆಳವಣಿಗೆಯ ವೇಗವೂ ಆಹಾರವೂ ಒಂದೇ ಆಗಿರುವುದು ಸಾಧ್ಯವಿಲ್ಲ. ಆದುದರಿಂದ ಕಲ್ಲುಗಳೂ ಒಂದೇ ಆಗಿರಲಾರವೆಂದು ನಿರೀಕ್ಷಿಸುವುದು ಯುಕ್ತವಾಗಿದೆ. ಗಂಗೆಯ ಬಯಲಿನ ನದಿಗಳ ಮೀನುಗಳ ಕಿವಿಗಲ್ಲಿನ ಆಕಾರ ಮತ್ತು ರಸಾಯನಗಳನ್ನು ಕುರಿತು ಆಲಿಗಢದ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಇಂತಹ ಸಂಶೋಧನೆ ನಡೆದಿದೆ.

೪. ಅಳತೆಯ ಕ್ರಮ

ಈ ಭೇದಗಳು ಕಣ್ಣಳತೆಗೆ ಸಿಕ್ಕುವಂಥವಲ್ಲ. ಕಲ್ಲನ್ನು ಇಕ್ಕುಳದಿಂದ ತೆಗೆದು, ತೊಳೆದು, ಒಣಗಿಸಿ, ಕಪ್ಪು ಹಿನ್ನೆಲೆಯಲ್ಲಿಟ್ಟು ಸೂಕ್ಷ್ಮದರ್ಶಕದ ಮೂಲಕ ಛಾಯಾಚಿತ್ರ ತೆಗೆಯುತ್ತಾರೆ. ಚಿತ್ರದಿಂದ ಉದ್ದ, ಅಗಲ, ವಿಸ್ತೀರ್ಣ, ಸುತ್ತಳತೆಗಳನ್ನು ಪಡೆಯುತ್ತಾರೆ. ಈ ನಾಲ್ಕು ಅಳತೆಗಳಿಂದ ಆಕಾರದ ಸೂಚ್ಯಂಕಗಳು ಹುಟ್ಟುತ್ತವೆ.

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಂಡಾಕಾರದ, ನುಣುಪಾದ ಅಂಚಿನ ಒಂದು ಕಲ್ಲು ೬ ಮಿಲಿಮೀಟರ್ ಉದ್ದ, ೪ ಮಿಲಿಮೀಟರ್ ಅಗಲ ಇದೆ ಎನ್ನೋಣ. ಅದರ ವಿಸ್ತೀರ್ಣ ಸುಮಾರು ೧೮.೮೫ ಚದರ ಮಿಲಿಮೀಟರ್, ಸುತ್ತಳತೆ ಸುಮಾರು ೧೫.೮೭ ಮಿಲಿಮೀಟರ್. ವಿಸ್ತೀರ್ಣವನ್ನು ೪ ಪೈಯಿಂದ ಗುಣಿಸಿ ಸುತ್ತಳತೆಯ ವರ್ಗದಿಂದ ಭಾಗಿಸಿದರೆ ಬರುವುದು ೦.೯೪. ಪೂರ್ಣವೃತ್ತಕ್ಕೆ ಈ ಸಂಖ್ಯೆ ೧ ಆಗುತ್ತದೆ. ಈಗ ಅಷ್ಟೇ ವಿಸ್ತೀರ್ಣದ ಮತ್ತೊಂದು ಕಲ್ಲಿನ ಅಂಚು ಕಚ್ಚುಕಚ್ಚಾಗಿದ್ದು ಅದರ ಸುತ್ತಳತೆ ೧೯ ಮಿಲಿಮೀಟರ್ ಇದ್ದರೆ ಸೂಚ್ಯಂಕವು ೦.೬೬ಕ್ಕೆ ಇಳಿಯುತ್ತದೆ. ಹೀಗೆ ಅಂಚಿನ ಒರಟುತನವು ಒಂದು ಸಂಖ್ಯೆಯಾಗಿ ಮಾರ್ಪಡುತ್ತದೆ. ಸಂಖ್ಯೆಯಾದ ಮೇಲೆ ನೂರಾರು ಕಲ್ಲುಗಳನ್ನು ನಿಷ್ಪಕ್ಷಪಾತವಾಗಿ ಹೋಲಿಸಬಹುದು. ಇನ್ನೂ ಸೂಕ್ಷ್ಮವಾದ ವಿಧಾನದಲ್ಲಿ, ಫ್ರೆಂಚ್ ಗಣಿತಜ್ಞ ಫೂರ್ಯೆಯ ಹೆಸರಿನ ಗಣಿತವನ್ನು ಬಳಸಿ ಕಲ್ಲಿನ ಇಡಿಯ ಹೊರಗೆರೆಯನ್ನು ಸರಳವಾದ ಅಲೆಗಳ ಮೊತ್ತವಾಗಿ ಬಿಡಿಸುತ್ತಾರೆ. ಸಂಗೀತದ ಒಂದು ನಾದವನ್ನು ಅದರ ಶುದ್ಧ ಸ್ವರಾಂಶಗಳಾಗಿ ಬಿಡಿಸುವುದಕ್ಕೂ ಇದಕ್ಕೂ ತತ್ತ್ವತಃ ಭೇದವಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು ಗಾತ್ರಕ್ಕೆ ಸಂಬಂಧಿಸಿದ್ದು. ಮೀನು ದೊಡ್ಡದಾಗುತ್ತ ಹೋದಂತೆ ಕಲ್ಲಿನ ಆಕಾರವೂ ತಾನಾಗಿಯೇ ಮಾರ್ಪಡುತ್ತದೆ. ಒಂದು ನೆಲೆಯಿಂದ ಮರಿಗಳನ್ನೂ ಮತ್ತೊಂದು ನೆಲೆಯಿಂದ ಬಲಿತ ಮೀನುಗಳನ್ನೂ ತಂದು ಹೋಲಿಸಿದರೆ, ಕಾಣುವುದು ವಯಸ್ಸಿನ ಭೇದವೇ ಹೊರತು ನದಿಯ ಭೇದವಲ್ಲ. ಗಣಿತದಿಂದ ಗಾತ್ರದ ಪ್ರಭಾವವನ್ನು ಕಳೆದ ಮೇಲೆಯೇ ಉಳಿದದ್ದನ್ನು ನೆಲೆಯ ಲೆಕ್ಕಕ್ಕೆ ಬರೆಯತಕ್ಕದ್ದು. ಎರಡನೆಯದು ಎಡಬಲಗಳಿಗೆ ಸಂಬಂಧಿಸಿದ್ದು. ಒಂದೇ ಮೀನಿನ ಎಡಗಲ್ಲು ಬಲಗಲ್ಲುಗಳು ಕೂಡ ಪೂರ್ಣ ಸಮಾನವಾಗಿರುವುದಿಲ್ಲ. ಆದುದರಿಂದ ಯಾವಾಗಲೂ ಒಂದೇ ಬದಿಯ ಕಲ್ಲುಗಳನ್ನು ಹೋಲಿಸಬೇಕು. ಈ ಅಸಮಾನತೆಯೇ ಮೀನಿಗೆ ಒದಗಿದ ಕ್ಲೇಶದ ಸೂಚನೆಯಾಗಬಹುದೆಂಬ ವಾದವೂ ಉಂಟು. ಕಾರ್ಖಾನೆಗಳ ಕೊಳೆನೀರನ್ನು ಹೊತ್ತ ವಾಲಧುನಿಯು ಕಲ್ಯಾಣದ ಬಳಿ ಉಲ್ಹಾಸಕ್ಕೆ ಸೇರುವುದನ್ನು ನೋಡಿದವರಿಗೆ, ಆ ವಾದವನ್ನು ಇಲ್ಲಿಯೇ ಪರೀಕ್ಷಿಸಬೇಕೆಂದು ತೋರುವುದು ಸಹಜ. ಆದರೆ ಇದುವರೆಗಿನ ಫಲಿತಾಂಶಗಳು ಎಲ್ಲ ಮೀನುಗಳಲ್ಲಿಯೂ ಒಂದೇ ದಿಕ್ಕನ್ನು ತೋರಿಸಿಲ್ಲ.

೫. ಒಂದೇ ಬೆಟ್ಟದ ಎರಡು ನೀರು

ಆಕಾರದೊಡನೆ ರಸಾಯನವನ್ನೂ ಸೇರಿಸಿ ನೋಡಿದಾಗ ಕಲ್ಲಿನ ಸಾಕ್ಷ್ಯ ಬಲಗೊಳ್ಳುತ್ತದೆ. ನೀರಿನಲ್ಲಿ ಕರಗಿರುವ ಸ್ಟ್ರಾನ್ಷಿಯಂ ಎಂಬ ಧಾತು ಕ್ಯಾಲ್ಸಿಯಂನ ಸ್ಥಾನದಲ್ಲಿ ಅಲ್ಪಪ್ರಮಾಣದಲ್ಲಿ ಕಲ್ಲಿನೊಳಗೆ ಸೇರುತ್ತದೆ. ಕಡಲಿನಲ್ಲಿ ಬೆಳೆದ ಪದರಗಳಲ್ಲಿ ಅದು ಸಾಮಾನ್ಯವಾಗಿ ಹೆಚ್ಚು, ನದಿಯಲ್ಲಿ ಬೆಳೆದ ಪದರಗಳಲ್ಲಿ ಕಡಿಮೆ. ಇದರಿಂದಲೇ ೧೯೯೮ರಲ್ಲಿ ತ್ಸುಕಾಮೊಟೊ ಮತ್ತು ಆತನ ಸಹೋದ್ಯೋಗಿಗಳು, ಸಿಹಿನೀರಿನ ಹಾವುಮೀನುಗಳೆಂದು ಕರೆಯಿಸಿಕೊಳ್ಳುವ ಮೀನುಗಳಲ್ಲಿ ಕೆಲವು ಜೀವಮಾನದಲ್ಲಿ ಒಮ್ಮೆಯೂ ಸಿಹಿನೀರನ್ನು ಹೊಕ್ಕಿರಲಿಲ್ಲವೆಂದು ತೋರಿಸಿದರು. ನಮ್ಮ ಖಾಡಿಗಳ ಜಿತಾಡಾ ಮೀನಿನ ವಿಷಯವೂ ಹೀಗೆಯೇ. ಉಪ್ಪುನೀರಿನಲ್ಲಿ ಹುಟ್ಟಿ ನದಿಯನ್ನೇರಿ ಬೆಳೆಯುವ ಮೀನೆಂದು ಅದರ ಖ್ಯಾತಿ. ಆದರೆ ಅದೇ ಜಾತಿಯ ಮೀನುಗಳ ಕಲ್ಲುಗಳನ್ನು ಆಸ್ಟ್ರೇಲಿಯ ಮತ್ತು ಪಪುವಾ ನ್ಯೂಗಿನಿಗಳಲ್ಲಿ ಪರೀಕ್ಷಿಸಿದಾಗ, ನದಿಯನ್ನು ಎಂದೂ ಏರದ ಮೀನುಗಳೂ ಇವೆಯೆಂದು ತಿಳಿದುಬಂದಿದೆ.

ಸ್ಟ್ರಾನ್ಷಿಯಂನಲ್ಲಿ ಇನ್ನೊಂದು ರಹಸ್ಯವಿದೆ. ಅದರ ಪರಮಾಣುಗಳಲ್ಲಿ ತೂಕದಿಂದ ಬೇರೆಯಾದ ಬಗೆಗಳುಂಟು. ಅವುಗಳಲ್ಲಿ ಒಂದು, ಬಂಡೆಯಲ್ಲಿರುವ ರುಬಿಡಿಯಂ ಅತ್ಯಂತ ನಿಧಾನವಾಗಿ ಕ್ಷಯಿಸುವುದರಿಂದ ಹುಟ್ಟುತ್ತದೆ. ಬಂಡೆ ಎಷ್ಟು ಪುರಾತನವೋ, ಅದರಲ್ಲಿ ರುಬಿಡಿಯಂ ಎಷ್ಟು ಅಧಿಕವೋ, ಈ ಬಗೆಯ ಪಾಲು ಅಷ್ಟು ಹೆಚ್ಚು. ಮಹಾರಾಷ್ಟ್ರದ ಕರಿಗಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿಬಂದ ಲಾವಾದಿಂದ ಆದದ್ದು. ಅದರಲ್ಲಿ ಈ ಪಾಲು ಕಡಿಮೆ. ಕಾವೇರಿ ತುಂಗಭದ್ರೆಗಳು ಹರಿಯುವ ದಕ್ಷಿಣ ಕರ್ನಾಟಕದ ಶಿಲೆಗಳು ಇನ್ನೂರೈವತ್ತು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯವು. ಅಲ್ಲಿ ಆ ಪಾಲು ಹೆಚ್ಚು. ನೀರು ಬಂಡೆಯಿಂದ ಈ ಗುರುತನ್ನು ಪಡೆಯುತ್ತದೆ. ಮೀನು ನೀರಿನಿಂದ ಪಡೆದು ಕಲ್ಲಿನಲ್ಲಿ ಇಡುತ್ತದೆ.

ಈಗ ಲೋಣಾವಳಾದ ಬೆಟ್ಟದ ನೆತ್ತಿಯನ್ನು ಮನಸ್ಸಿಗೆ ತಂದುಕೊಳ್ಳೋಣ. ಅಲ್ಲಿ ಪಶ್ಚಿಮಕ್ಕೆ ಬಿದ್ದ ಮಳೆ ಉಲ್ಹಾಸವಾಗಿ ಠಾಣೆಗೆ ಬರುತ್ತದೆ. ಪೂರ್ವಕ್ಕೆ ಬಿದ್ದ ಮಳೆ ಇಂದ್ರಾಯಣಿಯಾಗಿ ಹರಿದು, ತುಳಾಪುರದಲ್ಲಿ ಭೀಮೆಯನ್ನು ಸೇರಿ, ವಿಜಯಪುರ ಕಲಬುರಗಿಗಳ ನೆಲವನ್ನು ತೋಯಿಸಿ ಕೃಷ್ಣೆಯಲ್ಲಿ ಒಂದಾಗುತ್ತದೆ. ಆದರೆ ಮನುಷ್ಯನು ಈ ಗಡಿಯನ್ನು ಬದಲಿಸಿದ್ದಾನೆ. ಇಂದ್ರಾಯಣಿಯ ಉಪನದಿಯಾದ ಆಂಧ್ರಾ ನದಿಗೆ ಕಟ್ಟೆ ಹಾಕಿ, ಅದರ ನೀರನ್ನು ಘಟ್ಟದಿಂದ ಕೆಳಕ್ಕೆ ಹಾಯಿಸಿ ವಿದ್ಯುತ್ತನ್ನು ಪಡೆಯುವ ಟಾಟಾ ಸಂಸ್ಥೆಯ ಭಿವಪುರಿಯ ವಿದ್ಯುದಾಗಾರವು ೧೯೨೨ರಲ್ಲಿ ಆರಂಭವಾಯಿತು. ಯಂತ್ರಗಳನ್ನು ತಿರುಗಿಸಿದ ನೀರು ಉಲ್ಹಾಸಕ್ಕೆ ಬೀಳುತ್ತದೆ. ಬೇಸಗೆಯಲ್ಲಿ ಕಲ್ಯಾಣ ಡೊಂಬಿವಲಿಗಳ ನಲ್ಲಿಗಳಲ್ಲಿ ಬರುವ ನೀರಿಗೆ ಇದು ದೊಡ್ಡ ಆಸರೆ. ಕಲಬುರಗಿಯಿಂದ ಬಂದು ಡೊಂಬಿವಲಿಯಲ್ಲಿ ನೆಲೆಸಿದ ನಮ್ಮವರು ಕುಡಿಯುತ್ತಿರುವುದು, ಸೃಷ್ಟಿಯ ಕ್ರಮದಲ್ಲಿ ಅವರ ಊರಿನ ಭೀಮೆಗೆ ಹೋಗಬೇಕಾಗಿದ್ದ ನೀರಿನ ಒಂದು ಪಾಲು.

ಮೀನುಗಳೂ ಹೀಗೆ ಗಡಿ ದಾಟಿರಬಹುದೆ? ಮೊಟ್ಟೆಯೋ ಮರಿಯೋ ಕೊಳವೆಯಲ್ಲಿ ಇಳಿದು ಬದುಕಿ ಉಳಿದಿದ್ದರೆ ಅದನ್ನು ಕಲ್ಲು ಹೇಳೀತೆ? ಇಲ್ಲಿ ಸ್ಟ್ರಾನ್ಷಿಯಂನ ಸಾಕ್ಷ್ಯವು ನಮ್ಮ ಕೈಬಿಡುತ್ತದೆ. ಬೆಟ್ಟದ ಎರಡು ಬದಿಗಳೂ ಅದೇ ಕರಿಗಲ್ಲಿನವು. ಎರಡು ನೀರುಗಳ ಮುದ್ರೆ ಹೆಚ್ಚುಕಡಿಮೆ ಒಂದೇ. ಇಂತಹ ಸಂದರ್ಭದಲ್ಲಿಯೇ ಆಕಾರದ ಅಭ್ಯಾಸ ಬೆಲೆಯುಳ್ಳದ್ದಾಗುತ್ತದೆ. ಮೇಲಿನ ನಿಶ್ಚಲ ಜಲಾಶಯದಲ್ಲಿ ಬೆಳೆದ ಮೀನಿನ ಕಲ್ಲಿಗೂ ಕೆಳಗಿನ ಹರಿಯುವ ಹೊಳೆಯಲ್ಲಿ ಬೆಳೆದ ಮೀನಿನ ಕಲ್ಲಿಗೂ ಭೇದವಿರುವ ಸಂಭವವುಂಟು. ಬಂಡೆ ಮೌನವಾದಲ್ಲಿ ಬೆಳವಣಿಗೆ ಮಾತಾಡೀತು.

೬. ಲೋಣಾವಳಾದ ಮೀನು, ಕಾವೇರಿಯ ಮೀನು

ಇನ್ನು ಕಾವೇರಿಯ ಸಂಗತಿ. ಕಾವೇರಿಯಲ್ಲಿ ಬಿಳಿಮೀನೆಂದು ಕರೆಯುವ ಮಹಶೀರ್‌ಗಳು ಲೋಕಪ್ರಸಿದ್ಧವಾದವು. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಬಿನಿಯಲ್ಲಿ ೧೨೦ ಪೌಂಡ್ ತೂಕದ ಮೀನೊಂದನ್ನು ಗಾಳದಿಂದ ಹಿಡಿದದ್ದು ದಾಖಲೆಯಾಗಿದೆ. ಅಷ್ಟು ದೊಡ್ಡದಾಗಿ ಬೆಳೆಯುತ್ತಿದ್ದುದು ಗೂನುಬೆನ್ನಿನ ಮಹಶೀರ್. ಅದು ಕಾವೇರಿಯ ಕೊಳ್ಳದಲ್ಲಿ ಮಾತ್ರ ಇರುವ ಮೀನು. ಇತ್ತ ಲೋಣಾವಳಾದಲ್ಲಿ ೧೯೭೦ರ ದಶಕದಲ್ಲಿ ಟಾಟಾ ಸಂಸ್ಥೆಯ ಮತ್ಸ್ಯಕೇಂದ್ರವು ದಖ್ಖನಿನ ನೀಲಿರೆಕ್ಕೆಯ ಮಹಶೀರನ್ನು ಕೃತಕವಾಗಿ ಮರಿಮಾಡಿಸುವುದರಲ್ಲಿ ಯಶಸ್ವಿಯಾಯಿತು. ಸೈಕ್ಸ್ ಎಂಬ ಆಂಗ್ಲ ಅಧಿಕಾರಿ ದಖ್ಖನಿನ ಮೀನುಗಳನ್ನು ವರ್ಣಿಸುವಾಗ, ಸ್ಥಳೀಯರ ಹೆಸರನ್ನು ಲ್ಯಾಟಿನ್ನಿಗೆ ಹೊಂದಿಸಿ, ೧೮೩೯ರಲ್ಲಿ ಖುಡ್ರೀ ಎಂದು ಹೆಸರಿಟ್ಟ ಮೀನು ಇದು. ಅಳಿವಿನ ಅಂಚಿನಲ್ಲಿದೆಯೆಂದು ಭಾವಿಸಲಾಗಿದ್ದ ಮೀನನ್ನು ಉಳಿಸಬೇಕೆಂಬ ಸದುದ್ದೇಶದಿಂದ ಅದರ ಮರಿಗಳನ್ನು ಅನೇಕ ನದಿಗಳಿಗೆ ಕಳುಹಿಸಲಾಯಿತು. ಅವುಗಳಲ್ಲಿ ಕಾವೇರಿಯೂ ಒಂದು.

ನೀಲಿರೆಕ್ಕೆಯ ಮೀನು ಹೊಸ ನದಿಯಲ್ಲಿ ಸಮೃದ್ಧವಾಗಿ ಬೆಳೆಯಿತು. ಗೂನುಬೆನ್ನಿನ ಮೀನು ವರ್ಷವರ್ಷಕ್ಕೆ ಅಪರೂಪವಾಗುತ್ತ ಬಂದಿತು. ಅಣೆಕಟ್ಟುಗಳು, ಮರಳುಗಾರಿಕೆ, ಸಿಡಿಮದ್ದಿನ ಬೇಟೆ ಇವುಗಳ ಪಾಲೂ ಆ ಕ್ಷಯದಲ್ಲಿ ಇದೆ. ಆದರೆ ಹೊರಗಿನಿಂದ ಬಂದ ಬಂಧುವಿನ ಪೈಪೋಟಿಯನ್ನು ಸಂಶೋಧಕರು ಮುಖ್ಯ ಕಾರಣಗಳಲ್ಲಿ ಒಂದಾಗಿ ಎಣಿಸಿದ್ದಾರೆ. ವಿಷಾದದ ಸಂಗತಿಯೆಂದರೆ, ಗೂನುಬೆನ್ನಿನ ಮೀನಿನ ಶಾಸ್ತ್ರೀಯ ಗುರುತು ಟಾರ್ ರೆಮಾದೇವಿಯೈ ಎಂದು ನಿಶ್ಚಿತವಾದದ್ದೇ ೧೯೧೮ರಲ್ಲಲ್ಲ, ೧೯೪೬ರಲ್ಲಲ್ಲ, ೨೦೧೮ರಲ್ಲಿ. ಆ ವೇಳೆಗೆ ಅದು ತೀವ್ರ ಅಪಾಯಕ್ಕೆ ಸಿಲುಕಿದ ಜೀವಿಗಳ ಪಟ್ಟಿಯಲ್ಲಿ ಸೇರಬೇಕಾದ ಸ್ಥಿತಿಗೆ ಬಂದಿತ್ತು.

ಕಿವಿಗಲ್ಲಿನ ಪ್ರಯೋಜನ ಇಲ್ಲಿ ಏನು? ಕರಿಗಲ್ಲಿನ ನೀರಿನಲ್ಲಿ ಹುಟ್ಟಿ ಪುರಾತನ ಶಿಲೆಯ ನೀರಿಗೆ ಬಂದ ಮೀನಿನ ಕಲ್ಲಿನಲ್ಲಿ ತಿರುಳಿನ ಮುದ್ರೆ ಒಂದು, ಹೊರಪದರಗಳ ಮುದ್ರೆ ಇನ್ನೊಂದು ಆಗಿರಬೇಕು. ಬಿಟ್ಟ ಮರಿಗಳಲ್ಲಿ ಎಷ್ಟು ಬದುಕಿದವು, ಎಷ್ಟು ನದಿಯಲ್ಲಿಯೇ ಹುಟ್ಟಿದವು ಎಂಬುದನ್ನು ಇದರಿಂದ ಲೆಕ್ಕ ಹಾಕಬಹುದು. ಇನ್ನೊಂದು ಸುಳಿವೂ ಉಂಟು. ಸಾಕಣೆಯ ತೊಟ್ಟಿಗಳಲ್ಲಿ ವೇಗವಾಗಿ ಬೆಳೆದ ಸಾಲ್ಮನ್ ಮುಂತಾದ ಮೀನುಗಳ ಸ್ಯಾಜಿಟದಲ್ಲಿ ಸುಣ್ಣವು ಅರಗೊನೈಟ್ ಎಂಬ ಸಹಜ ಹರಳುರೂಪವನ್ನು ಬಿಟ್ಟು ವ್ಯಾಟರೈಟ್ ಎಂಬ ಹಗುರ ರೂಪಕ್ಕೆ ತಿರುಗುವುದು ಬಹಳ. ಅದರಿಂದ ಕಲ್ಲಿನ ಅಂಚು ವಿಕಾರವಾಗುತ್ತದೆ, ಶ್ರವಣಶಕ್ತಿಯೂ ಕುಂದುತ್ತದೆಯೆಂದು ೨೦೧೬ರ ಸಂಶೋಧನೆಯಿಂದ ತಿಳಿದಿದೆ. ಆದರೆ ಕಾರ್ಪ್ ವರ್ಗದ ಆಸ್ಟೆರಿಸ್ಕಸ್ ಹುಟ್ಟಿನಿಂದಲೇ ವ್ಯಾಟರೈಟಿನದು. ಆದಕಾರಣ ಮಹಶೀರಿನಲ್ಲಿ ಈ ಸುಳಿವನ್ನು ಹುಡುಕುವವರು ಲ್ಯಾಪಿಲಸನ್ನು ನೋಡಬೇಕೇ ಹೊರತು ಆಸ್ಟೆರಿಸ್ಕಸನ್ನಲ್ಲ.

ಈ ಸಾಕ್ಷ್ಯಕ್ಕೆ ಒಂದು ಮಿತಿಯಿದೆ. ಲೋಣಾವಳಾದಿಂದ ಬಂದ ಮೀನುಗಳು ಕಾವೇರಿಯಲ್ಲಿ ಮೊಟ್ಟೆಯಿಟ್ಟು ಮರಿಮಾಡಿದ ಮೇಲೆ, ಆ ಮರಿಗಳ ಕಲ್ಲಿನಲ್ಲಿ ತಿರುಳಿನಿಂದ ಅಂಚಿನವರೆಗೆ ಕಾವೇರಿಯ ಮುದ್ರೆಯೇ ಇರುತ್ತದೆ. ತಾಯಿತಂದೆಗಳು ಎಲ್ಲಿಂದ ಬಂದರೆಂಬುದು ಕಲ್ಲಿಗೆ ಗೊತ್ತಿಲ್ಲ. ವಂಶವನ್ನು ತಿಳಿಯಬೇಕಾದರೆ ಬೇರೆ ಪರೀಕ್ಷೆ, ಎಂದರೆ ಜೀನುಗಳ ಪರೀಕ್ಷೆ, ಬೇಕು. ಕಲ್ಲು ಹೇಳುವುದು ಬದುಕಿದ ನೀರನ್ನು, ರಕ್ತವನ್ನಲ್ಲ.

೭. ಉಪಸಂಹಾರ

ಮೇಲಿನ ವಿಚಾರದಿಂದ ನಮ್ಮ ಮೊದಲ ಪ್ರಶ್ನೆಗೆ ಹೌದೆಂಬ ಉತ್ತರ ದೊರೆಯುತ್ತದೆ: ನೆಲೆ ಬದಲಾದರೆ ಕಿವಿಗಲ್ಲಿನ ಆಕಾರ ಬದಲಾಗಬಹುದು. ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಆಕಾರಭೇದವನ್ನು ಕಂಡೊಡನೆ ಇವು ಎರಡು ಬೇರೆ ಬೇರೆ ಕುಲಗಳೆಂದು ತೀರ್ಮಾನಿಸುವುದು ಅವಸರವಾದೀತು. ಒಂದೇ ತಾಯಿಯ ಮರಿಗಳನ್ನು ಎರಡು ನೀರಿನಲ್ಲಿ ಬೆಳೆಸಿದರೂ ಕಲ್ಲುಗಳು ಬೇರೆಯಾಗಬಹುದು. ಬೇರೆ ಕುಲದ ಮರಿಗಳನ್ನು ಒಂದೇ ನೀರಿನಲ್ಲಿ ಬೆಳೆಸಿದರೆ ಭೇದವು ಕಿರಿದಾಗಬಹುದು. ಯಾವ ಮೀನನ್ನು ಯಾವ ನದಿಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂಬಂತಹ ನಿರ್ಣಯಗಳನ್ನು ಆಕಾರವೊಂದರ ಮೇಲೆ ನಿಲ್ಲಿಸುವುದು ಅಪಾಯಕರ. ಆಕಾರ, ರಸಾಯನ, ಜೀನು ಈ ಮೂರೂ ಒಂದೇ ಮಾತನ್ನು ಹೇಳಿದಾಗ ಮಾತ್ರ ಸಾಕ್ಷ್ಯ ಪೂರ್ಣವಾಗುತ್ತದೆ.

ಇನ್ನೂ ಒಂದು ಕಷ್ಟವಿದೆ. ಕಲ್ಲನ್ನು ಪಡೆಯಬೇಕಾದರೆ ಮೀನು ಸತ್ತಿರಬೇಕು. ಗೂನುಬೆನ್ನಿನ ಮಹಶೀರ್‌ನಂತಹ ವಿರಳ ಮೀನನ್ನು ಅದರ ಚರಿತ್ರೆ ತಿಳಿಯುವುದಕ್ಕೆಂದು ಕೊಲ್ಲುವುದು ಗ್ರಂಥವನ್ನು ಓದುವುದಕ್ಕೆಂದು ಗ್ರಂಥಾಲಯವನ್ನು ಸುಟ್ಟಂತೆ. ಸಹಜವಾಗಿ ಸತ್ತ ಮೀನುಗಳಿಂದ ಮಾತ್ರ ಕಲ್ಲುಗಳನ್ನು ಸಂಗ್ರಹಿಸಬೇಕು. ಹಳೆಯ ವಸ್ತುಸಂಗ್ರಹಾಲಯಗಳ ಮೀನುಗಳು ಉಪಯೋಗಕ್ಕೆ ಬರುವುವೆಂದು ಆಶಿಸಿದರೆ, ಅನೇಕ ಕಡೆ ಅವನ್ನು ಫಾರ್ಮಲಿನ್ನಿನಲ್ಲಿ ಇಟ್ಟಿರುತ್ತಾರೆ. ಅದರ ಆಮ್ಲವು ಕಾಲಕ್ರಮದಲ್ಲಿ ಕಲ್ಲನ್ನೇ ಕರಗಿಸಿಬಿಡುತ್ತದೆ. ಮದ್ಯಸಾರದಲ್ಲಿ ಇಟ್ಟವು ಉಳಿಯುತ್ತವೆ.

ವೆರ್ಸೊವಾದಲ್ಲಿ ೧೯೬೧ರಲ್ಲಿ ಸ್ಥಾಪಿತವಾದ ಕೇಂದ್ರೀಯ ಮತ್ಸ್ಯ ಶಿಕ್ಷಣ ಸಂಸ್ಥೆಯು ನಮ್ಮ ನೆರೆಯಲ್ಲಿಯೇ ಇದೆ. ಪ್ರಯೋಗಾಲಯದ ಕೆಲಸ ಅಂತಹ ಸಂಸ್ಥೆಗಳದು. ಆದರೆ ಸಂಗ್ರಹದ ಕೆಲಸಕ್ಕೆ ನಮ್ಮಂತಹವರೂ ನೆರವಾಗಬಹುದು. ಬಾಳಕುಮ, ಕೋಲ್‌ಶೇತಗಳ ಕೋಳಿ ಬೆಸ್ತರಿಂದ ನೇರವಾಗಿ ಕೊಂಡ ಮೀನಿನ ಕಲ್ಲನ್ನು ತೊಳೆದು ಒಣಗಿಸಿ, ಕಾಗದದ ಪೊಟ್ಟಣದಲ್ಲಿಟ್ಟು, ಅದರ ಮೇಲೆ ಮೀನಿನ ಹೆಸರು, ಉದ್ದ, ಹಿಡಿದ ಸ್ಥಳ, ತಾರೀಕು ಈ ನಾಲ್ಕನ್ನು ಬರೆದಿಡುವುದು ಯಾರಿಗೂ ಅಸಾಧ್ಯವಲ್ಲ. ಪೇಟೆಯ ಮೀನು ಮಾತ್ರ ಬೇಡ. ಅದು ಬರ್ಫದ ಪೆಟ್ಟಿಗೆಯಲ್ಲಿ ಯಾವ ರಾಜ್ಯದಿಂದ ಬಂದದ್ದೆಂದು ಮಾರುವವರಿಗೂ ತಿಳಿದಿರುವುದಿಲ್ಲ. ಸ್ಥಳದ ಚೀಟಿ ಇಲ್ಲದ ಕಲ್ಲು ಬರಿಯ ಕಲ್ಲು.

ಉಲ್ಹಾಸದ ನೀರು ಇಂದಿರುವಂತೆ ನಾಳೆ ಇರುವುದಿಲ್ಲ. ಅದು ಕೆಟ್ಟರೂ ಸುಧಾರಿಸಿದರೂ ಬದಲಾವಣೆಯ ಲೆಕ್ಕವನ್ನು ಮೀನುಗಳು ತಮ್ಮ ತಲೆಯೊಳಗೆ ಬರೆದಿಡುತ್ತಲೇ ಇರುತ್ತವೆ. ಇಂದಿನ ಕಲ್ಲುಗಳನ್ನು ಇಂದೇ ಕೂಡಿಸಿಟ್ಟರೆ, ಮುಂದೆ ಯಾರಾದರೂ ಈ ನದಿ ಹೇಗಿತ್ತೆಂದು ಕೇಳಿದಾಗ ತೋರಿಸುವುದಕ್ಕೆ ನಮ್ಮಲ್ಲಿ ಏನಾದರೂ ಇದ್ದೀತು.